ಮುಚ್ಚಿದ ಬಾಯಿ ಮುಂದ

ಜೂನಾ ಬಾಜಾರಿನಲ್ಲಿ ಒಂದು ಬುಧವಾರ ಕೊಂಡದ್ದು,
ಸಾವಿರದ ಎಂಟುನೂರಕ್ಕೆ ಒಂದು ಲೇಡೀಸ್ ಸೈಕಲ್ಲು.
ತಂತಿಯಲ್ಲ, ಸರಳಿನ ಬ್ರೇಕು.
ಚೈನ್‌ಕವರಿನ ಮೇಲೆ ಮೊಳೆಯಲ್ಲಿ ಗೀರಿದ ಹೆಸರು:
ಕು. ವ. ಗ. ಪರಚುರೆ, ಸದಾಶಿವ ಪೇಠ್.
ಕೆಳಗೆ ಇಸವಿ. ಕೊನೆಯ ಅಂಕಿ ತುಕ್ಕಿಗೆ ಹೋಗಿದೆ.

ರಬ್ಬರು ನಾನೇ ಬದಲಿಸಿದೆ.
ಖಡಕಿಯ ಆಸ್ಪತ್ರೆಯಲ್ಲಿ ದಿನಕ್ಕೆ ನೂರು ಸೂಜಿ ಚುಚ್ಚುವ ಕೈ,
ನಾಲ್ಕು ನಟ್ಟು ಬಿಗಿಯಲಾರದೆ?
ಬಿಗಿದೆ. ಹಿಂದುಮುಂದಾಗಿ ಬಿಗಿದೆ.
ಹೋಳ್ಕರ್ ಸೇತುವೆಯ ಇಳುಕಲಿನಲ್ಲಿ ಹಿಡಿ ಒತ್ತಿದರೆ
ಟಪ್ಪೆಂದು ಒಂದು, ಟಪ್ಪೆಂದು ಇನ್ನೊಂದು,
ಹಾಲುಹಲ್ಲು ಉದುರಿದಂತೆ ರಸ್ತೆಗೆ.
ಆಮೇಲೆ ಬರೀ ಕಬ್ಬಿಣದ ಕಿರುಚು,
ಹರಿದ ಚಪ್ಪಲಿ,
ಕಬ್ಬಿನಹಾಲಿನವನ ಸಿಪ್ಪೆಯ ಗುಡ್ಡೆ.
ಅವನು ಗೆಜ್ಜೆ ಕಟ್ಟಿದ ಗಾಣ ನಿಲ್ಲಿಸಿ
ಸಿಪ್ಪೆಯೊಳಗಿದ್ದ ನನ್ನನ್ನು ಕೇಳಿದ,
"ಶುಂಠಿ ಹಾಕಲೇ ಅಕ್ಕಾ?"

ರಾಸ್ತಾ ಪೇಠಿನ ಲಾಯಪ್ಪ ಇಂಡಿ ಕಡೆಯವನು. ನಗಲಿಲ್ಲ.
ಸೈಕಲ್ಲನ್ನು ತಲೆಕೆಳಗೂ ಮಾಡಲಿಲ್ಲ, ಸರಳು ಬಾಗುತ್ತವಂತೆ;
ಬೇವಿನ ಕೊಂಬೆಗೆ ಹಗ್ಗ ಹಾಕಿ ತೂಗಿಬಿಟ್ಟ.
"ಈ ತಗಡಿನ ಗೂಡು ನೋಡ್ರಿ ಸಿಸ್ಟರ್,
ಒಂದ ಕಡಿ ಮುಚ್ಚೇದ, ಒಂದ ಕಡಿ ತೆರದದ.
ಗಾಲಿ ಎತ್ತಾಗ ಓಡತದ, ರಬ್ಬರೂ ಅತ್ತಾಗ ಓಡಾಕ ನೋಡತದ.
ಓಡೂ ದಾರ್ಯಾಗ ಗ್ವಾಡಿ ಇರಬೇಕು.
ಮುಂದಿನ ಗಾಲಿಗೆ ಮುಚ್ಚಿದ ಬಾಯಿ ಮುಂದ.
ಹಿಂದಿಂದು ಪೆಡಲಿನ ಹಿಂದ ಕುಂತದ,
ಅಲ್ಲಿ ಗಾಲಿ ಕೆಳಗ ಇಳೀತದ, ಮುಚ್ಚಿದ್ದು ಕೆಳಗ."
ಇಷ್ಟೇ. ಇಷ್ಟಕ್ಕೆ ನನ್ನ ಮೊಣಕಾಲಿನ ಚರ್ಮ.

ಹಳೆಯ ರಬ್ಬರು ಚೀಲದಲ್ಲೇ ಇತ್ತು. ತೋರಿಸಿದೆ.
ಹಿಂದಿನ ಜೋಡಿ ಲೋಹ ಕಾಣುವಷ್ಟು ಸವೆದಿದೆ.
ಮುಂದಿನದರಲ್ಲಿ ಕಂಪನಿಯ ಅಕ್ಷರ ಕೂಡ ಅಳಿಸಿಲ್ಲ.
"ಈಕಿ ಮುಂದಿಂದು ಮುಟ್ಟೇ ಇಲ್ಲ," ಎಂದ.
ಯಾರೋ ಹೇಳಿರಬೇಕು ಹುಡುಗಿಗೆ,
ಬಲಗೈ ಹಿಡಿ ಒತ್ತಿದರೆ ಪಲ್ಟಿ ಹೊಡೆಯುತ್ತೀ ಎಂದು;
ಅಣ್ಣನೋ, ಕಾಲೇಜಿನ ಗೇಟಿನವರೆಗೆ ಹಿಂದೆಯೇ ಬಂದವನೋ.
ಇಡೀ ಪುಣೆಯನ್ನು, ಟಾಂಗಾ ಲಾರಿ ಪೇಶ್ವೆ ಕಾಲದ ಕಿರುಗಲ್ಲಿ ಸಮೇತ,
ಎಡಗೈಯೊಂದರಲ್ಲೇ ನಿಲ್ಲಿಸಿಕೊಂಡು ಹೋಗಿದ್ದಾಳೆ
ಎಷ್ಟೋ ವರ್ಷ.

ಹಾಗಾದರೆ ಮುಂದಿನದು ಹೊಸದೇ ಅಲ್ಲವೇ,
ಅದನ್ನೇ ಹಾಕೋಣ ಎಂದೆ, ನಲವತ್ತು ರೂಪಾಯಿ ಉಳಿಸಲು.
ಲಾಯಪ್ಪ ಉಗುರಿನಿಂದ ಒತ್ತಿದ. ಗುರುತು ಮೂಡಲಿಲ್ಲ.
"ತೇಯಲಿಲ್ಲಂದ್ರೂ ಮುದಿ ಆಗತದರಿ ರಬ್ಬರು.
ಇದು ಹಿಡಿಯೂದಿಲ್ಲ, ಬರೀ ಒದರತದ."

ರಿಮ್ಮಿಗೆ ನಾನು ಪ್ರೀತಿಯಿಂದ ಸವರಿದ್ದ ಎಣ್ಣೆ ಕಂಡು
ಮೊದಲ ಸಲ ಬೈದ.
ಚೀಲದಿಂದ ಸ್ಪಿರಿಟ್ಟು, ಹತ್ತಿ ತೆಗೆದೆ.
ಸೂಜಿಗೆ ಮುಂಚೆ ತೋಳು ಒರೆಸುವ ಹಾಗೆ
ಒಂದು ಸುತ್ತು, ಇನ್ನೊಂದು ಸುತ್ತು,
ಹತ್ತಿ ಬೆಳ್ಳಗೆ ಬರುವ ತನಕ.
ರಬ್ಬರಿಗೂ ರಿಮ್ಮಿಗೂ ನಡುವೆ ಎರಡು ರೂಪಾಯಿ ನಾಣ್ಯದ ಸಂದು.
ಕಡ್ಡಿಗೆ ತಾಗಬಾರದು, ಟಯರಿಗೆ ತಾಗಬಾರದು.
ಮೊದಲು ಕೈಯಲ್ಲಿ ತಳ್ಳಿ ಹಿಡಿ ಒತ್ತು, ಆಮೇಲೆ ಹತ್ತು.
"ಮಳಿಯಾಗ ಈ ಉಕ್ಕಿನ ರಿಮ್ಮು ಸುಳ್ಳ ಹೇಳತದ ಸಿಸ್ಟರ್,
ನಿಲ್ಲೂದು ಎಲ್ಲಿ ಅನ್ನೂದನ್ನ ಮದಲ ನೆನಸ್ರಿ."

ಸೇತುವೆ ಬಂತು.
ಎರಡೂ ಹಿಡಿ ಒತ್ತಿದೆ, ಬಲಗೈ ತುಸು ತಡವಾಗಿ.
ಗುಡ್ಡೆಗೆ ನಾಲ್ಕು ಮಾರು ಇರುವಾಗಲೇ ನಿಂತಿತು.
ಗ್ಲಾಸು ತೊಳೆಯುತ್ತಿದ್ದವನು ತಲೆಯೆತ್ತಿದ,
ಸಿಪ್ಪೆಯನ್ನು ನೋಡಿದ, ನನ್ನನ್ನು ನೋಡಿದ.
ಹಾಕು ಶುಂಠಿ, ಎಂದೆ.